ದೊರೆಸಾನಿ ಇಟ್ಟ ಹೆಸರು

ನಾನೊಂದು ಗಡ್ಡೆ. ಈರುಳ್ಳಿ ಅಂದುಕೊಂಡೀರಿ, ಜೋಕೆ, ಒಗ್ಗರಣೆಗೆ ಬರುವವಳಲ್ಲ! ಬೆಂಗಳೂರಿನ ಒಂದು ನರ್ಸರಿಯಲ್ಲಿ ತಾಯಿಗಡ್ಡೆಯ ಮಗ್ಗುಲಲ್ಲಿ ಹುಟ್ಟಿ, ಗೋಣಿಚೀಲದಲ್ಲಿ ರೈಲು ಹತ್ತಿ ಗದಗ ಸೀಮೆಯ ಒಂದು ಮಿಷನ್ ಕಾಂಪೌಂಡಿಗೆ ಬಂದೆ. ದಾರಿಯಲ್ಲಿ ನನ್ನ ಹೆಸರಿನ ಚೀಟಿ ಕಳೆದುಹೋಯಿತು.

ಅಲ್ಲಿನ ಪಾದ್ರಿಯ ಹೆಂಡತಿ ಪರದೇಶದವಳು. ಎಲ್ಲರೂ ದೊರೆಸಾನಿ ಅನ್ನುತ್ತಿದ್ದರು. ಮೊದಲ ಮಳೆಗೆ ನಾನು ಹೂಬಿಟ್ಟಾಗ ನಡುವಿನ ಬಿಳಿ ಬಟ್ಟಲು ನೋಡಿ ಆಕೆಗೆ ಕಣ್ಣು ತುಂಬಿತು. ತವರಿನ ಡ್ಯಾಫೊಡಿಲ್ ಹೂವಿಗೂ ಇಂಥದೇ ಬಟ್ಟಲಂತೆ. ಅಂದಿನಿಂದ ನಾನು ಡ್ಯಾಫೊಡಿಲ್. ನನಗೇನು, ಕರೆದ ಹೆಸರಿಗೆ ಓಗೊಟ್ಟೆ.

ಆ ವರ್ಷವೇ ನೇಕಾರರ ಮನೆಯ ಸುಂದರವ್ವ ಬಾಣಂತನದಲ್ಲಿ ತೀರಿಕೊಂಡಳು. ಕಲ್ಲು ನೆಡಿಸುವ ತ್ರಾಣ ಮನೆಯವರಿಗಿರಲಿಲ್ಲ. ದೊರೆಸಾನಿ ನನ್ನನ್ನು ಕಿತ್ತು, ಇಳಿಜಾರಿನ ಸ್ಮಶಾನದಲ್ಲಿ ಆಕೆಯ ಗೋರಿಯ ತಲೆದೆಸೆಗೆ ಊರಿ, ಚರ್ಚಿನ ಪುಸ್ತಕದಲ್ಲಿ ‘ಸುಂದರವ್ವ, ಡ್ಯಾಫೊಡಿಲ್ ಕೆಳಗೆ’ ಎಂದು ಬರೆದಳು. ಮರುವರ್ಷ ಆಕೆ ತನ್ನ ದೇಶಕ್ಕೆ ಹೋದಳು, ನಾನು ಉಳಿದೆ. ನನ್ನ ಬೀಜಗಳು ಮಳೆನೀರಿನಲ್ಲಿ ತೇಲಿ ಇಳಿಜಾರಿನುದ್ದಕ್ಕೂ ಬೇರೂರಿದವು. ಅರುವತ್ತು ವರ್ಷಗಳಲ್ಲಿ ಸ್ಮಶಾನದ ತುಂಬ ನಮ್ಮದೇ ಸಂಸಾರ.

ಸುಂದರವ್ವ ಬಿಟ್ಟುಹೋದ ಕೂಸೇ ಎಸ್ತೇರವ್ವ. ತಾಯಿ ಎಲ್ಲಿ ಮಲಗಿದ್ದಾಳೆಂದು ತಿಳಿಯದೆ ಪ್ರತಿ ವರ್ಷ ಗೇಟಿಗೇ ಹಾರ ಹಾಕಿ ಹೋಗುತ್ತಿದ್ದಳು. ಈ ಮಳೆಗಾಲ ಆ ಹಳೆಯ ಪುಸ್ತಕದ ಸಾಲು ಕಣ್ಣಿಗೆ ಬಿದ್ದು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾಗವೇಣಿಯನ್ನು ಕರೆದುಕೊಂಡು ಬಂದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನನ್ನ ಗುಟ್ಟು ರಟ್ಟಾಯಿತು. ನಾಗವೇಣಿ ಗೇಟಿನ ಬಳಿಯ ಒಂದು ಹೂ ಸೀಳಿ ಭೂತಗನ್ನಡಿ ಹಿಡಿದಳು.

“ಇದು ಡ್ಯಾಫೊಡಿಲ್ ಅಲ್ರೀ ಅವ್ವಾರ. ಅದರ ಕೇಸರ ಬಟ್ಟಲದ ಒಳಗಿರತಾವ. ಇದರಾಗ ಬಟ್ಟಲದ ಅಂಚಿನಿಂದನ ಎದ್ದಾವ. ಇದು ಸ್ಪೈಡರ್ ಲಿಲ್ಲಿ. ಡ್ಯಾಫೊಡಿಲ್ ನಮ್ಮ ಬಿಸಿಲಿಗೆ ಬಾಳೂದಿಲ್ಲ.”

“ಅಂದ್ರ ನಮ್ಮವ್ವ ಸಿಗೂದಿಲ್ಲೇನವಾ?” ಎಂದಳು ಎಸ್ತೇರವ್ವ.

ಬಾಯಿದ್ದರೆ ಕೂಗುತ್ತಿದ್ದೆ. ನಾಗವೇಣಿ ಸುಮ್ಮನಾಗಲಿಲ್ಲ. ಈ ಹೂವಿಗೆ ಇಲ್ಲಿಯವರು ಏನನ್ನುತ್ತೀರಿ ಎಂದು ಸ್ಮಶಾನದ ಕಾವಲುಗಾರ ಯೋನಪ್ಪನನ್ನು ಕೇಳಿದಳು. ಡ್ಯಾಫೊಡಿಲ್ ಎಂದ ಅವನು. ಅಜ್ಜನ ಕಾಲದಲ್ಲಿ ದೊರೆಸಾನಿ ಕಲಿಸಿದ ಹೆಸರಂತೆ. ನಾಗವೇಣಿ ನಕ್ಕಳು. ಹೆಸರು ತಪ್ಪಿದರೂ ಪುಸ್ತಕದಲ್ಲಿರುವುದು ಇದೇ ಗಿಡ! ಆಮೇಲೆ ಇಳಿಜಾರು ನೋಡಿದಳು. ಬೀಜ ನೀರಿನ ಜೊತೆ ಇಳಿಯುತ್ತದೆ, ಏರುವುದಿಲ್ಲ. ಎಲ್ಲಕ್ಕಿಂತ ಮೇಲಿರುವುದೇ ಮೊದಲನೆಯದು ಎಂದಳು. ಮೂವರೂ ಹತ್ತಿ ಬಂದರು. ತುದಿಯಲ್ಲಿ, ಬೇಲಿಯ ಪಕ್ಕ, ನಾನಿದ್ದೆ.

ಎಸ್ತೇರವ್ವ ಕುಳಿತು ನನ್ನ ಬುಡದ ಮಣ್ಣಿಗೆ ಕೈಯಿಟ್ಟಳು. “ಯವ್ವಾ, ನಾ ಬಂದೀನಿ” ಎಂದಳು. ನನಗೂ ತಡೆಯಲಾಗಲಿಲ್ಲ.

ಮರುವಾರ ಕಲ್ಲು ಬಂತು. ಇನ್ನು ನನ್ನನ್ನು ಕಿತ್ತೆಸೆಯುತ್ತಾರೆ ಅಂದುಕೊಂಡೆ. ಎಸ್ತೇರವ್ವ ಕಲ್ಲನ್ನೇ ಒಂದು ಗೇಣು ಪಕ್ಕಕ್ಕೆ ಸರಿಸಿ ನೆಡಿಸಿದಳು. ಕಲ್ಲಿನ ಮೇಲೆ ಪುಸ್ತಕದ ಅದೇ ಸಾಲು: ‘ಸುಂದರವ್ವ, ಡ್ಯಾಫೊಡಿಲ್ ಕೆಳಗೆ’. ನಾಗವೇಣಿ ಅದನ್ನು ತಿದ್ದಲಿಲ್ಲ. ಮುದುಕಿಯಾಗಿದ್ದೇನೆ, ನಿಜ, ಆದರೂ ಈ ಮಳೆಗೆ ಎರಡು ಮೊಗ್ಗು ಹೊತ್ತಿದ್ದೇನೆ. ಎಸ್ತೇರವ್ವ ಈಗ ಹಾರವನ್ನು ಗೇಟಿಗೆ ಹಾಕುವುದಿಲ್ಲ.