ಬ್ರೇಕ್ ಮೇಷ್ಟ್ರ ಮಗಳ ಸಂದರ್ಶನ

“ಎತ್ತಿ,” ಅಂದ ಮೈದುನ. ನಾಲ್ವರು ಬಗ್ಗಿ ಹಿಡಿದರು. ಮೇಷ್ಟ್ರು ನೆಲದಿಂದ ಮೊಣಕಾಲೆತ್ತರಕ್ಕೆ ಬಂದಿದ್ದರು.

“ಇಳಿಸಿ,” ಅಂದಳು ಮೇಷ್ಟ್ರ ಹೆಂಡತಿ.

ಎತ್ತಿದವರು ಮುಖ ಮುಖ ನೋಡಿಕೊಂಡರು. ಮೇಷ್ಟ್ರು ತೂಕದ ಆಳು, ಅರ್ಧಕ್ಕೆ ಹಿಡಿದು ನಿಲ್ಲುವುದು ಸುಲಭವಾಗಿರಲಿಲ್ಲ.

“ಏನತ್ತಿಗೆ ಇದು? ಎತ್ತಿದ್ದನ್ನ ಯಾರಾದ್ರೂ ಇಳಿಸ್ತಾರಾ?”

“ಇಳಿಸಿ ಅಂದೆ. ಹನ್ನೊಂದಕ್ಕೆ ಪುಟ್ಟಿಯ ಸಂದರ್ಶನ. ಅದು ಮುಗೀಲಿ, ಆಮೇಲೆ ಎತ್ತಿ. ನಿಮ್ಮಣ್ಣನಿಗೆ ಇನ್ನು ಯಾವ ಅವಸರಾನೂ ಇಲ್ಲ.”

ಇಳಿಸಿದರು.

ಮೈದುನನ ಮುಖ ಕೆಂಪಾಯಿತು. ಬೆಳಗ್ಗಿನಿಂದ ಗುಂಡಿ ತೋಡಿಸಿ, ಗಾಡಿ ಗೊತ್ತು ಮಾಡಿ, ಬಂದವರಿಗೆಲ್ಲ ಕುರ್ಚಿ ಹಾಕಿಸಿದವನು ಅವನೇ. “ಹೆಣ ನಡುಮನೆಯಲ್ಲಿ ಇಟ್ಕೊಂಡು ಒಳಗೆ ಪರೀಕ್ಷೆ ಬರೆಸ್ತೀರಾ? ಜನ ಏನಂತಾರೆ?”

“ಅಂದರೆ ಅನ್ಲಿ. ಸೀಟು ಕೊಡೋರು ಜನ ಅಲ್ಲ.”

ದೇಶದ ಮೂಲೆಮೂಲೆಯ ಬುದ್ಧಿವಂತ ಮಕ್ಕಳು ಮುಗಿಬೀಳುವ ವಿಶ್ವವಿದ್ಯಾಲಯ ಅದು. ಈ ಊರಿನಿಂದ ಅಲ್ಲಿಗೆ ಸೇರಿದವರಿರಲಿ, ಸಂದರ್ಶನದ ತನಕ ಹೋದವರೂ ಇರಲಿಲ್ಲ. ದೂರದೂರಿನ ಮಕ್ಕಳನ್ನು ಕಂಪ್ಯೂಟರಿನಲ್ಲೇ ಮಾತಾಡಿಸುತ್ತಿದ್ದರು. ಇವತ್ತು ತಪ್ಪಿದರೆ ತಪ್ಪಿದಂತೆಯೇ.

“ಒಂದು ಫೋನ್ ಮಾಡಿ, ಮನೇಲಿ ಸಾವಾಗಿದೆ ಅನ್ನಬಹುದಲ್ಲ,” ಅಂದ ಮೈದುನ, ಸ್ವರ ತಗ್ಗಿಸಿ. “ಅವರೂ ಮನುಷ್ಯರೇ. ಮರುಕ ಇರುತ್ತೆ.”

“ಅದಕ್ಕೇ ಹೇಳಬಾರದು ಚಿಕ್ಕಪ್ಪ.” ಪುಟ್ಟಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮುಖ ತೊಳೆದಿದ್ದಳು, ಕಣ್ಣುಗಳು ಮಾತ್ರ ಊದಿಕೊಂಡಿದ್ದವು. “ಅಯ್ಯೋ ಪಾಪ ಅಂತ ಸೀಟು ಕೊಟ್ರೆ, ನಾನು ಓದಿದ್ದಕ್ಕೆ ಸಿಕ್ತೋ, ಅಪ್ಪ ಸತ್ತಿದ್ದಕ್ಕೆ ಸಿಕ್ತೋ ಅಂತ ನನಗೆ ಯಾವತ್ತೂ ಗೊತ್ತಾಗಲ್ಲ.”

ಮೂಲೆಯ ಕುರ್ಚಿಯಲ್ಲಿದ್ದ ಶಾಲೆಯ ಹೆಡ್ಮಾಸ್ಟರು ಗಂಟಲು ಸರಿಮಾಡಿಕೊಂಡರು. “ನೋಡಮ್ಮ, ಬೇಜಾರು ಮಾಡ್ಕೋಬೇಡ. ನಮ್ಮ ಶಾಲೆ ಹೆಸರು ಕೇಳಿದ್ರೆ ಅವರು ಮೊದಲು ಊರು ಎಲ್ಲಿದೆ ಅಂತ ಹುಡುಕ್ತಾರೆ. ಅವಕಾಶ ತೀರಾ ಕಡಿಮೆ.”

“ಕಡಿಮೆ ಅಂದ್ರೆ ಇದೆ ಅಂತ ತಾನೇ ಸಾರ್?” ಅಂದಳು ತಾಯಿ.

ಹೆಡ್ಮಾಸ್ಟರು ಕೈಯಲ್ಲಿದ್ದ ಟೋಪಿಯ ಒಳಗನ್ನು ನೋಡುತ್ತ ಕೂತರು.

*

ಊರಲ್ಲಿ ಸ್ಟೀರಿಂಗ್ ಹಿಡಿದವರೆಲ್ಲ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡವರೇ. ಡ್ರೈವಿಂಗ್ ಸ್ಕೂಲಿನ ಕಾರು, ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕು. ಕಲಿಯುವವರು ತಪ್ಪು ಮಾಡಿದರೆ ಬಾಯಿಗಿಂತ ಮೊದಲು ಕಾಲು ಮಾತಾಡುತ್ತಿತ್ತು. ಹಾಗಾಗಿ ಬ್ರೇಕ್ ಮೇಷ್ಟ್ರು.

ಪುಟ್ಟಿಯನ್ನು ಸಂದರ್ಶನಕ್ಕೆ ತಯಾರು ಮಾಡಿದ್ದೂ ಆ ಕಾರಿನಲ್ಲೇ. ಅವರಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಮಗಳು ಓಡಿಸಬೇಕು, ಅಪ್ಪ ಪ್ರಶ್ನೆ ಕೇಳಬೇಕು. ಹಿಂದಿನ ಸೀಟಿನಲ್ಲಿ ತಾಯಿ, ಮಡಿಲಲ್ಲಿ ತರಕಾರಿ ಚೀಲ.

“ನಮ್ಮಲ್ಲಿಗೇ ಯಾಕೆ ಬರಬೇಕು ನೀನು?” ದೊಡ್ಡ ಪ್ರೊಫೆಸರನ ದನಿ ಮಾಡಿ ಕೇಳಿದರು.

“ತಮ್ಮ ವಿಶ್ವವಿದ್ಯಾಲಯ ಜಗತ್ಪ್ರಸಿದ್ಧ. ಅಲ್ಲಿಯ ಪ್ರಯೋಗಾಲಯಗಳು...”

ಗಕ್ಕನೆ ಬ್ರೇಕು. ಟೊಮೆಟೊಗಳು ಸೀಟಿನಡಿ ಉರುಳಿದವು.

“ಅವರ ಮನೆ ಬೋರ್ಡನ್ನ ಅವರಿಗೇ ಓದಿ ಹೇಳ್ತೀಯಾ? ಮತ್ತೆ ಹೇಳು.”

“ದೇಶಕ್ಕೆ ಏನಾದ್ರೂ ಸೇವೆ...”

ಮತ್ತೆ ಬ್ರೇಕು.

“ರೀ, ನನ್ನ ಸೊಂಟ!” ಅಂದಳು ತಾಯಿ.

“ನಿನ್ನ ಮಗಳ ಸುಳ್ಳಿಗೆ ಹೇಳು ಅದನ್ನ. ಸೊಂಟ ಮುರೀತಿರೋದು ಸುಳ್ಳೇ.”

ಪುಟ್ಟಿಗೆ ಅಳು ಬಂತು, ಸಿಟ್ಟೂ ಬಂತು. ಗೇರು ಹಾಕಿದಳು. “ಹಳೇ ಸೇತುವೆ ಮೇಲೆ ಲಾರಿ ಹೋದ್ರೆ ಸೇತುವೆ ನಡುಗುತ್ತೆ. ಖಾಲಿ ಲಾರಿ ಹೋದಾಗಲೇ ಜಾಸ್ತಿ ನಡುಗುತ್ತೆ. ಯಾಕೆ ಅಂತ ಎಲ್ಲರನ್ನೂ ಕೇಳಿದೆ. ಹೆಡ್ಮಾಸ್ಟರು, ಸಾಕು ಸುಮ್ನೆ ಕೂತ್ಕೋ ಅಂದ್ರು. ಗೊತ್ತಿರೋರು ಎಲ್ಲಿದಾರೋ ಅಲ್ಲಿಗೆ ಹೋಗ್ಬೇಕು ನಾನು. ಅಷ್ಟೇ!”

ಕಾರು ನಿಲ್ಲಲಿಲ್ಲ. ಮೇಷ್ಟ್ರು ಎರಡೂ ಕಾಲು ಹಿಂದಕ್ಕೆಳೆದು, ಕಿಟಕಿಯಾಚೆ ನೋಡುತ್ತ ಕೂತಿದ್ದನ್ನು ಹಿಂದಿನ ಸೀಟಿನಿಂದ ಹೆಂಡತಿ ಕಂಡಳು. ತುಸು ಹೊತ್ತಾದ ಮೇಲೆ, “ಹೋಗು. ಇನ್ನೂ ಮುಂದೆ ಹೋಗು,” ಅಂದರು. ಮನೆಯ ತಿರುವು ದಾಟಿ ಆಗಲೇ ಬಹಳ ದೂರ ಬಂದಾಗಿತ್ತು.

*

ಔಷಧಿ ಅಂಗಡಿಯವಳು ನಡುಮನೆಯ ಗೋಡೆಗೆ ಒರಗಿ ನಿಂತಿದ್ದಳು. ಬಂದಾಗಿನಿಂದ ಕೂತಿರಲಿಲ್ಲ. ಮೇಷ್ಟ್ರ ಕೊನೆಯ ಪಾಠ ಅವಳದು. ತಾಯಿ ತಾನಾಗೇ ಹೋಗಿ ಅವಳ ಕೈ ಹಿಡಿದಳು.

“ಏನಾಯ್ತು ಅಂತ ಹೇಳೇ. ನನಗೆ ಯಾರೂ ಸರಿಯಾಗಿ ಹೇಳ್ಲಿಲ್ಲ.”

“ಅಕ್ಕ, ಮಾರುಕಟ್ಟೆ ಇಳಿಜಾರು. ಕಾರು ನಿಧಾನಕ್ಕೆ, ನಿಧಾನಕ್ಕೆ ನಿಂತ್ಕೊಳ್ತು. ಬ್ರೇಕ್ ಒತ್ತಿದ್ದು ನಾನಲ್ಲ, ಅವರು. ನಾನೇನೋ ತಪ್ಪು ಮಾಡಿದೀನಿ ಅಂದ್ಕೊಂಡೆ. ಅವರು ನಿಲ್ಲಿಸಿದ್ರೆ ನಾವೇ ತಪ್ಪು ಹುಡುಕಿ ಹೇಳ್ಬೇಕು, ನಿಮಗೆ ಗೊತ್ತಲ್ಲ. ಕನ್ನಡಿ ನೋಡ್ಲಿಲ್ವಾ ಸಾರ್ ಅಂದೆ. ಸುಮ್ನಿದ್ರು. ಕ್ಲಚ್ಚಾ ಸಾರ್ ಅಂದೆ. ಇಂಡಿಕೇಟರ್ ಹಾಕ್ಲಿಲ್ವಾ ಅಂದೆ. ಮುಂದಿನ ರಸ್ತೇನೇ ನೋಡ್ಕೊಂಡು ಒಂದೊಂದಾಗಿ ಕೇಳ್ತಾ ಕೂತಿದ್ದೆ. ಕೋಪ ಬಂದಿದೆ ಅಂತ ಅವರ ಮುಖ ನೋಡೋಕೂ ಹೆದರಿಕೆ. ದಿನಾ ಗುಳಿಗೆ ಕೊಡೋಳು ನಾನು. ತಿರುಗಿ ನೋಡಿದ್ರೆ ತಕ್ಷಣ ಗೊತ್ತಾಗ್ತಿತ್ತು ಅಕ್ಕ...”

ತಾಯಿ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಏನು ಹೇಳಬೇಕು? ನಿನ್ನ ತಪ್ಪಿಲ್ಲ ಅನ್ನಬೇಕು. ನೋಡಬಾರದಿತ್ತೇನೇ ಒಂದು ಸಲ, ಅಂತಲೇ ಕೇಳಬೇಕೆನಿಸಿತು. ಕೇಳದೆ ಅವಳ ಬೆನ್ನು ಸವರಿದಳು.

“ನಿಂಗೆ ಏನೂ ಆಗ್ಲಿಲ್ಲವಲ್ಲ,” ಅಂದಳು ಕೊನೆಗೆ. “ಅದನ್ನೇ ನೋಡ್ಕೊಂಡಿದಾರೆ ಅವರು.”

*

ಹನ್ನೊಂದಾಯಿತು. ಪುಟ್ಟಿ ಬಾಗಿಲು ಹಾಕಿಕೊಂಡಳು. ಒಳಗೆ ಕಂಪ್ಯೂಟರಿನಿಂದ ಗಂಡಸೊಬ್ಬನ ಸೌಮ್ಯ ದನಿ ಕೇಳಿತು. ಸರಿಯಾಗಿ ಆಗಲೇ ದೂರದೂರಿನ ನಾದಿನಿ ಹೊಸ್ತಿಲಿಗೆ ಬಂದು, ಅಣ್ಣನ ಮುಖ ಕಂಡು, “ಅಣ್ಣಾ!” ಅಂತ ಬಾಯಿ ತೆರೆದಳು. ಎರಡನೇ ಕೂಗು ಹೊರಡುವುದರೊಳಗೆ ತಾಯಿ ಓಡಿ ಟವೆಲ್ಲೊಂದನ್ನು ಅವಳ ಬಾಯಿಗೆ ಒತ್ತಿದಳು. “ಅಳಮ್ಮ, ಎಷ್ಟು ಬೇಕೋ ಅಷ್ಟು ಅಳು. ದನಿ ಬೇಡ. ನಿನ್ನ ಕಾಲಿಗೆ ಬೀಳ್ತೀನಿ.”

ನಾದಿನಿ ಕಣ್ಣರಳಿಸಿದಳು. ಮುಚ್ಚಿದ ಬಾಗಿಲು ನೋಡಿದಳು. ಅರ್ಥವಾಯಿತು. ಟವೆಲ್ಲನ್ನು ತಾನೇ ಹಲ್ಲಲ್ಲಿ ಕಚ್ಚಿ, ಅಣ್ಣನ ಪಾದದ ಹತ್ತಿರ ಕುಸಿದು, ಇಡೀ ಮೈ ಕುಲುಕಿಸಿ ಅತ್ತಳು. ಮೈದುನ ಎಲ್ಲರನ್ನೂ ಒಮ್ಮೆ ನೋಡಿ ಕಿಟಕಿಗಳನ್ನು ಮುಚ್ಚಿದ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬೀದಿಗೆ ಇಳಿದ. ಮನೆ ತುಂಬ ಜನ. ಕೆಮ್ಮು ಬಂದ ಮುದುಕ ಹಿತ್ತಲಿಗೆ ಓಡಿದ. ಹೆಡ್ಮಾಸ್ಟರು ಟೋಪಿಯಲ್ಲಿ ಮುಖ ಹುದುಗಿಸಿದ್ದರು.

“ತುಂಬಾ ಶಾಂತವಾದ ಮನೆ ನಿಮ್ಮದು,” ಅಂತು ಒಳಗಿನ ದನಿ. “ಓದೋದಕ್ಕೆ ಒಳ್ಳೇದು. ಮನೇಲಿ ಯಾರೂ ಇಲ್ವಾ?”

“ಎಲ್ಲರೂ ಇದಾರೆ ಸರ್.”

“ತಂದೆ ಏನು ಮಾಡ್ತಾರೆ?”

ಬಾಗಿಲ ಈಚೆ ತಾಯಿ ಕಿವಿಗೊಟ್ಟಳು. ಒಳಗೆ ಏನೂ ಕೇಳಲಿಲ್ಲ. ಇನ್ನೂ ಕೇಳಲಿಲ್ಲ. ಹೋಯಿತು, ಎಲ್ಲ ಹೋಯಿತು ಅಂದುಕೊಂಡಳು.

“ಕಾರು ಓಡಿಸೋದು ಕಲಿಸ್ತಾರೆ ಸರ್,” ಅಂದಳು ಪುಟ್ಟಿ. ದನಿ ಒಡೆಯಲಿಲ್ಲ. “ನನಗೂ ಅವರೇ ಕಲಿಸಿದ್ದು.”

ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಬಸ್ಸಿನ ಗುಡುಗು ಶುರುವಾಯಿತು. ಕಿಟಕಿಯ ಗಾಜು ಅದುರತೊಡಗಿತು. ತಾಯಿ ಓಡಿಹೋಗಿ ಅಂಗೈಯಿಂದ ಗಾಜನ್ನು ಒತ್ತಿ ಹಿಡಿದಳು. ಹೊರಗೆ ಮೈದುನ ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತಿದ್ದ. ಡ್ರೈವರು ತಲೆ ಹೊರಗೆ ಹಾಕಿದ. ಮೈದುನ ಮನೆಯತ್ತ ಬೊಟ್ಟು ಮಾಡಿ ಏನೋ ಹೇಳಿದ. ಎಂಜಿನು ನಿಂತಿತು.

ಬಸ್ಸಿನ ಬಾಗಿಲು ತೆರೆಯಿತು. ಒಬ್ಬೊಬ್ಬರಾಗಿ ಇಳಿದರು: ಕೆಲಸಕ್ಕೆ ಹೊರಟವರು, ಚೀಲ ಹಿಡಿದವರು, ಮಗು ಎತ್ತಿಕೊಂಡ ಹೆಂಗಸು. ಡ್ರೈವರು ಸ್ಟೀರಿಂಗ್ ಹಿಡಿದು ಕೂತ. ಉಳಿದವರು ಬಸ್ಸಿನ ಹಿಂದೆ ಸೇರಿ, ಬೆನ್ನು ಬಗ್ಗಿಸಿ, ಹೆಗಲು ಕೊಟ್ಟರು. ಬಸ್ಸು ಸದ್ದಿಲ್ಲದೆ, ಅಂಗುಲ ಅಂಗುಲವಾಗಿ, ಮನೆಯ ಮುಂದೆ ಹಾದುಹೋಗತೊಡಗಿತು.