ಮೂವತ್ತು ತಟ್ಟೆಗಳ ಕೊನೆಯ ಸಾಲು

1.
ಮೊದಲ ಪ್ಯಾರಾ ಬರೆದು ಹೊಡೆದುಹಾಕಿ, ಕಥೆ ಯಾವಾಗಲೂ ಎರಡನೆಯದರಿಂದ ಶುರುವಾಗುತ್ತದೆ ಎನ್ನುವುದು ಸುಡಲೈಮುತ್ತು ಸಾರ್ ಉಪದೇಶ. ಹೊಡೆದೆ. ಈಗ ಎರಡನೆಯದೇ ಮೊದಲನೆಯದಾಗಿ ಕೂತಿದೆ. ಅದನ್ನೂ ಹೊಡೆಯಬೇಕೇ? ಹೀಗೇ ಹೋದರೆ ನಿಮ್ಮ ಕೈಗೆ ಬರುವುದು ಬರೀ ಶೀರ್ಷಿಕೆ.

1 (ಮತ್ತೆ).
ಸುಡಲೈಮುತ್ತು ಯಾರೆಂದು ಹೇಳಿಬಿಡುತ್ತೇನೆ. ನಿವೃತ್ತ ಪೋಸ್ಟ್‌ಮ್ಯಾನ್. ಕೋವಿಲ್‌ಪಟ್ಟಿಯ ಲೈಬ್ರರಿಯೊಂದರ ಹಿಂದಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಪುಟದ ಕಥೆ ಬರೆಯುವುದನ್ನು ಕಲಿಸುತ್ತಾರೆ. ತಮಿಳು ವಾರಪತ್ರಿಕೆಗಳಲ್ಲಿ ಬರುತ್ತವಲ್ಲ, ಟೀ ಆರುವುದರೊಳಗೆ ಓದಿ ಮುಗಿಸುವ ಕಥೆಗಳು, ಅವೇ. ಅವರ ಬಳಿ ಮೂರು ಸೂತ್ರಗಳಿವೆ. ಒಂದು ಪುಟದಲ್ಲಿ ಇಬ್ಬರಿಗಿಂತ ಹೆಚ್ಚು ಜನ ಬೇಡ. ಹತ್ತು ವಿಶೇಷಣ ಬಿಟ್ಟು ಒಂದು ನಿಜವಾದ ಗುರುತು ಹಾಕಿ. ಕೊನೆಯ ಸಾಲು ಕೆನ್ನೆಗೆ ಬಾರಿಸಬೇಕು.

ಮೂರೂ ಒಳ್ಳೆಯ ಸಲಹೆಗಳೇ. ತಕರಾರಿಲ್ಲ. ಆದರೆ ಈ ಮೂರನ್ನೂ ಚಾಚೂ ತಪ್ಪದೆ ಪಾಲಿಸಿದ್ದಕ್ಕೇ ಅವರ ಶಿಷ್ಯೆ ಪೂಂಗೊಡಿಯ ಅಕ್ಕ ಒಂಬತ್ತು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದಾಳೆ.

3.
(2 ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಪೂಂಗೊಡಿಯ ಬಾಲ್ಯವಿತ್ತು, ತೀರಾ ಅಳುಬುರುಕ. ಹರಿದೆ.)

ಪೂಂಗೊಡಿ ಬೆಂಕಿಪೆಟ್ಟಿಗೆ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ್ದು ಅಕ್ಕ ಪೇಚ್ಚಿಯಮ್ಮ, ಶಾಲೆಯೊಂದರ ಬಿಸಿಯೂಟದ ಅಡುಗೆಯವಳು. ಮಕ್ಕಳೆಲ್ಲ ಉಂಡ ಮೇಲೆ ಉಳಿದ ಸಾಂಬಾರ್ ಅನ್ನವನ್ನು ಅಕ್ಕ ಡಬ್ಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದಳು. ಚೆಲ್ಲಬೇಡ, ತೆಗೆದುಕೊಂಡು ಹೋಗು ಎಂದಿದ್ದವರು ಹೆಡ್‌ಮಿಸ್ಟ್ರೆಸ್ಸೇ. ಇಷ್ಟೇ ನಡೆದದ್ದು.

ಇಷ್ಟೇ ನಡೆದರೆ ಒಂದು ಪುಟದ ಕಥೆ ಆಗುವುದಿಲ್ಲ. ಕೊನೆಯಲ್ಲಿ ಏಟಿಲ್ಲ. ಹಾಗಾಗಿ ಒಂಬತ್ತು ವರ್ಷದ ಹಿಂದೆ ಪೂಂಗೊಡಿ ಒಂದು ಸಾಲು ಕಟ್ಟಿದಳು. ಅವಳ ಕಥೆಯಲ್ಲಿ, ತಂಗಿಗೆ ದಿನಾ ಅನ್ನ ತಂದು ಉಣ್ಣಿಸುವ ಮಹಾತಾಯಿಯನ್ನು ಇಡೀ ಬೀದಿ ಹೊಗಳುತ್ತದೆ. ಆಮೇಲೆ ಕೊನೆಯ ಸಾಲು: ‘ಅಂದೂ ಶಾಲೆಯಲ್ಲಿ ಮೂವತ್ತು ತಟ್ಟೆಗಳು ಅರ್ಧ ಖಾಲಿಯೇ ಇದ್ದವು.’

ಸುಡಲೈಮುತ್ತು ಸಾರ್ ಎದ್ದುನಿಂತು ಚಪ್ಪಾಳೆ ತಟ್ಟಿದರಂತೆ. ವಾರಪತ್ರಿಕೆಯೊಂದು ಮರುವಾರವೇ ಹಾಕಿತು. ಹೆಸರೇನೋ ಬೇರೆ ಇತ್ತು. ಆದರೆ ನಿಜವಾದ ಗುರುತು ಒಂದು ಬೇಕಲ್ಲ, ಅಕ್ಕನ ಎಡ ಮೊಣಕೈಯಿಂದ ಮಣಿಕಟ್ಟಿನವರೆಗೆ ಗಂಜಿ ಚೆಲ್ಲಿ ಸುಟ್ಟ ಕಲೆಯನ್ನು ಪೂಂಗೊಡಿ ಹಾಗೆಯೇ ಇಟ್ಟಿದ್ದಳು. ಟೀ ಅಂಗಡಿಯಲ್ಲಿ ಓದಿದ ಯಾರೋ ಪುಟ ಕತ್ತರಿಸಿ ಶಾಲೆಯ ಅಡುಗೆಕೋಣೆಯ ಬಾಗಿಲಿಗೆ ಅಂಟಿಸಿದರು. ವಿಚಾರಣೆ ಮುಗಿಯುವ ತನಕ, ಮೂರು ತಿಂಗಳು, ಪೇಚ್ಚಿಯಮ್ಮನನ್ನು ಒಲೆಯ ಹತ್ತಿರ ಬಿಡಲಿಲ್ಲ. ತಪ್ಪೇನೂ ಸಿಗಲಿಲ್ಲ, ಒಲೆ ವಾಪಸ್ ಸಿಕ್ಕಿತು. ಹೋದ ಹೆಸರು ಸಿಗಲಿಲ್ಲ. ಅವಳು ಸೌಟು ಎತ್ತಿದಾಗೆಲ್ಲ ಮಕ್ಕಳು ಇವತ್ತಿಗೂ ಕಮ್ಮಿ ಬಿತ್ತೇನೋ ಎಂದು ತಟ್ಟೆ ಬಗ್ಗಿಸಿ ನೋಡಿಕೊಳ್ಳುತ್ತವೆ.

4.
ಈಗ ಅದೇ ಪತ್ರಿಕೆ ‘ನಿಜ ಅನುಭವ, ಒಂದೇ ಪುಟ, ಇನ್ನೂರೈವತ್ತು ಪದ’ ಎಂದು ಕರೆ ಕೊಟ್ಟಿದೆ. ಬದುಕಿರುವವರ ಬಗ್ಗೆ ಬರೆದರೆ ಅವರ ಸಹಿ ಬೇಕು. ಪೇಚ್ಚಿಯಮ್ಮ ಮುಂದಿನ ತಿಂಗಳ ಕೊನೆಗೆ ನಿವೃತ್ತಿಯಾಗುತ್ತಾಳೆ. ಅಷ್ಟರೊಳಗೆ ಸತ್ಯ ಅಚ್ಚಾಗಬೇಕು, ಅಕ್ಕ ಆ ಶಾಲೆಯ ಗೇಟನ್ನು ಕಳ್ಳಿಯ ಹಾಗೆ ದಾಟಬಾರದು. ಪೂಂಗೊಡಿಗೆ ಬೇಕಾದ್ದು ಇಷ್ಟೆ.

ಸರಿ, ಬರೆಯಮ್ಮ ತಾಯಿ, ಎಂದೆ.

ಮೊದಲ ಕರಡಿನಲ್ಲಿ ಹನ್ನೊಂದು ಕಡೆ ಕಣ್ಣೀರು. ಸಾರ್ ಹನ್ನೊಂದನ್ನೂ ಕೆಂಪು ಪೆನ್ನಿನಲ್ಲಿ ಹೊಡೆದು, ಓದುವವನು ಅಳಬೇಕಮ್ಮಾ, ನೀನಲ್ಲ ಎಂದರು. (ಬರೆದುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.)

ಎರಡನೆಯದನ್ನು ಓದಿ ನಾನು ತಲೆ ಚಚ್ಚಿಕೊಂಡೆ. ಊರೆಲ್ಲ ಕಳ್ಳಿ ಅನ್ನುವ ಹೆಂಗಸೊಬ್ಬಳ ಕಥೆ ಹೇಳುತ್ತ ಹೋಗಿ, ಕೊನೆಯಲ್ಲಿ, ‘ಆ ಹೆಂಗಸು ನನ್ನ ಅಕ್ಕ’.

ಮತ್ತೆ ಅದೇ ಚಾಳಿಯೇನೇ ಎಂದು ರೇಗಿದೆ.

“ಕೈ ತಾನಾಗೇ ಹೋಗುತ್ತೆ,” ಎಂದಳು ಪೂಂಗೊಡಿ. “ನೂರ ಹನ್ನೆರಡು ಕಥೆ ಹಾಗೇ ಬರ್ದಿದೀನಿ. ನೀವೇನು ಕಮ್ಮಿನಾ? ನನ್ನ ಅಕ್ಕನ ಗೋಳನ್ನ ನಂಬರ್ ಹಾಕಿ ಕೊಯ್ದು ಬಡಿಸ್ತಾ ಇದೀರಲ್ಲ.”

ಪಾತ್ರಗಳಿಗೆ ಬಾಯಿ ಕೊಡಬಾರದು ಎನ್ನುವುದೂ ಒಂದು ಸಲಹೆ, ತಡವಾಗಿ ಹೊಳೆಯಿತು.

ಮೂರನೆಯದರಲ್ಲಿ ಕಣ್ಣೀರಿಲ್ಲ, ಏಟಿಲ್ಲ. ಮಕ್ಕಳು ಉಂಡರು, ಅನ್ನ ಉಳಿಯಿತು, ಹೆಡ್‌ಮಿಸ್ಟ್ರೆಸ್ ತೆಗೆದುಕೊಂಡು ಹೋಗೆಂದರು, ಅಕ್ಕ ಒಯ್ದಳು; ತಟ್ಟೆಗಳು ತುಂಬಿದ್ದವು, ಮೂವತ್ತರ ಮಾತು ಹೊಸೆದ ಸುಳ್ಳು. ಅಕ್ಕನನ್ನು ಹೊಗಳುವ ನಾಲ್ಕು ಸಾಲೂ ಸೇರಿ, ಎಣಿಸಿ ಇನ್ನೂರೈವತ್ತು ಪದ. ಅಕ್ಕ ಮತ್ತು ಹೆಡ್‌ಮಿಸ್ಟ್ರೆಸ್, ಲೆಕ್ಕಕ್ಕೆ ಸರಿಯಾಗಿ ಇಬ್ಬರೇ ಜನ. ಸಾರ್ ಓದಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಮುಗಿದದ್ದೆಲ್ಲಿ ಎಂದು ಕೇಳಿದರು. ಮುಗಿದಿಲ್ಲ ಸಾರ್ ಎಂದು ಪೂಂಗೊಡಿ ಹಾಳೆ ಕಿತ್ತುಕೊಂಡು ನೇರ ಅಕ್ಕನ ಮನೆಗೆ ನಡೆದಳು.

5.
ಇಲ್ಲಿ ನಿಮಗೆ ಅಂತ್ಯಗಳನ್ನು ತೋರಿಸುವುದು ನನ್ನ ಧರ್ಮ. ಬಟ್ಟೆ ಅಂಗಡಿಯವನ ಹಾಗೆ ಹಾಸಿ ತೋರಿಸುತ್ತೇನೆ.

ಅ) ಅಕ್ಕ ತಂಗಿಯನ್ನು ತಬ್ಬಿಕೊಳ್ಳುತ್ತಾಳೆ. (ಬೇಡ. ಒಂಬತ್ತು ವರ್ಷ ಅಷ್ಟು ಅಗ್ಗವೇ?)

ಆ) ಅಕ್ಕ ಹಾಳೆ ಹರಿದು ಒಲೆಗೆ ಹಾಕುತ್ತಾಳೆ. (ಗ್ಯಾಸ್ ಒಲೆ. ಆಗುವುದಿಲ್ಲ.)

ಇ) ಅಕ್ಕ ಮಾತಿಲ್ಲದೆ ಊಟ ಬಡಿಸುತ್ತಾಳೆ. (ಈ ಅಂತ್ಯ ಓದಿ ಓದಿ ನನಗೆ ಅಜೀರ್ಣವಾಗಿದೆ.)

ನಡೆದದ್ದು ಬೇರೆ. ಪೇಚ್ಚಿಯಮ್ಮ ಒಳಗೆ ಕರೆಯಲಿಲ್ಲ. ಹೊಸ್ತಿಲ ಮೇಲೆ ನಿಂತು ಹಾಳೆಗೆ ಕೈ ಚಾಚಿದಳು. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳು, ತುಟಿ ಅಲ್ಲಾಡಿಸುತ್ತ. ಮುಗಿಸಿ, ಮತ್ತೆ ಮೇಲಿನಿಂದ ಓದಿದಳು. ಸಹಿಗೆಂದು ಪೂಂಗೊಡಿ ಚಾಚಿದ ಪೆನ್ನು ಅಲ್ಲೇ ನಿಂತಿತ್ತು.

“ಎಲ್ಲಾ ಸರಿಯಾಗೇ ಬರ್ದಿದೀಯ,” ಎಂದಳು ಕೊನೆಗೆ. ಒಂಬತ್ತು ವರ್ಷದಲ್ಲಿ ಮೊದಲ ಮಾತು. “ಆದ್ರೆ ಆ ಅನ್ನ ಉಂಡೋರು ಯಾರು ಅಂತ ಇದ್ರಲ್ಲಿಲ್ವಲ್ಲೇ.”

ಇಬ್ಬರಿಗಿಂತ ಹೆಚ್ಚು ಜನ ಬೇಡ ಎಂದು ಪೂಂಗೊಡಿ ಕಿತ್ತು ಹಾಕಿದ್ದು ತನ್ನನ್ನೇ.

“ಜಾಗ ಇಲ್ಲ ಅಕ್ಕ. ಇನ್ನೂರೈವತ್ತು ಪದ ಆಗೋಯ್ತು.”

“ಹಂಗಾದ್ರೆ ನನ್ನನ್ನ ಸ್ವಲ್ಪ ಕಮ್ಮಿ ಮಾಡು.”

ಅಷ್ಟು ಹೇಳಿ ಪೇಚ್ಚಿಯಮ್ಮ ಹಾಳೆ ವಾಪಸ್ ಕೊಟ್ಟು ಒಳಗೆ ಹೋದಳು. ಬಾಗಿಲು ತೆರೆದಿತ್ತೋ ಮುಚ್ಚಿತ್ತೋ? ನೀವು ಅದರಲ್ಲೇ ಅರ್ಥ ಹುಡುಕುತ್ತೀರಿ ಎಂದು ಗೊತ್ತು, ಹೇಳುವುದಿಲ್ಲ.

ಸಹಿ ಬಿತ್ತೇ, ಪತ್ರಿಕೆ ಹಾಕಿತೇ, ಮಕ್ಕಳು ತಟ್ಟೆ ಬಗ್ಗಿಸುವುದು ಬಿಟ್ಟವೇ ಎಂದೆಲ್ಲ ನನ್ನನ್ನು ಪೀಡಿಸಬೇಡಿ. ನನಗೆ ಕಾಣುವುದು ಇಷ್ಟೇ. ಪೂಂಗೊಡಿ ಹೊರಗಿನ ಜಗುಲಿಯ ಮೇಲೆ, ಬಿಸಿಲಿನಲ್ಲಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಕೂತಿದ್ದಾಳೆ. ಅಕ್ಕನನ್ನು ಹೊಗಳಿದ ನಾಲ್ಕು ಸಾಲು ಹೊಡೆದಿದ್ದಾಳೆ. ಅಂಚಿನಲ್ಲಿ ‘ನಾನು’ ಎಂದು ಬರೆದಿದ್ದಾಳೆ. ಮುಂದಿನ ಪದ ಯಾವುದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳು ಬರೆಯುವ ಮೊದಲು ನಾನು ಬರೆಯುವುದು ಸರಿಯಲ್ಲ.