ಶುಕ್ರವಾರದ ಉಕ್ತಲೇಖನ

ಹೆಡ್‌ಮಾಸ್ಟರ್ ಗುರುಮಲ್ಲಪ್ಪನವರು ದೂರು ಪೆಟ್ಟಿಗೆಯಲ್ಲಿ ಸಿಕ್ಕ ಚೀಟಿಯನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. ‘ಶುಕ್ರವಾರ ಶಾರದಾ ಪೂಜೆಗೆ ನಮ್ಮ ಕೇರಿ ಮಕ್ಕಳನ್ನು ಹೊಸಿಲ ಹೊರಗೆ ನಿಲ್ಲಿಸುತ್ತಾರೆ. ಪ್ರಸಾದ ಮೇಲಿಂದ ಹಾಕುತ್ತಾರೆ.’ ಕೆಳಗೆ ಹೆಸರಿರಲಿಲ್ಲ.

ಅಶ್ವಿನಿಗೆ ಹೆಸರು ಬೇಕಿರಲಿಲ್ಲ. ಬಲಕ್ಕೆ ವಾಲಿದ ಆ ಅಕ್ಷರ ಐದನೇ ತರಗತಿಯ ಗಂಗಾಶ್ರೀಯದು. ಶಿಕಾರಿಪುರದಿಂದ ದಿನಾ ಬಸ್ಸಿನಲ್ಲಿ ಸೊರಬ ಸೀಮೆಯ ಈ ಶಾಲೆಗೆ ಬಂದು ಪಾಠ ಮಾಡುವ ಅಶ್ವಿನಿ, ಎರಡು ವರ್ಷ ಆ ಪೂಜೆ ನೋಡಿಯೂ ತುಟಿ ಬಿಚ್ಚಿರಲಿಲ್ಲ. ಸರಸ್ವತಿಗೂ ಹೇಸಿಗೆಯಾಗಿರಬೇಕು, ಪಾಪ, ಅವಳು ಪಟದ ಗಾಜಿನ ಹಿಂದಿದ್ದಾಳೆ.

“ಮಕ್ಕಳ ಹಕ್ಕಿನ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕೈತಂತೆ ರೀ,” ಎಂದರು ಹೆಡ್‌ಮಾಸ್ಟರು. “ಹೊರದೇಶದ ಸಮಿತಿಗೆ ವರದಿ ಹೋಗ್ಬೇಕಂತೆ. ತಾರತಮ್ಯ ಇಲ್ಲ ಅಂತ ನಾವು ಇವತ್ತೇ ಕಳಿಸ್ಬೇಕು. ಅಂಥದ್ರಾಗೆ ಇದೊಂದು. ಇಷ್ಟು ಬರಿಯಾಕೆ ಬರೋದು ಐದನೇ ಕ್ಲಾಸಿನೋರಿಗೇ. ಅವ್ರಿಗೆ ಉಕ್ತಲೇಖನ ಕೊಡ್ರಿ, ಅಕ್ಷರ ತಾಳೆ ನೋಡೋಣ. ಬರ್ದೋರ ಅಪ್ಪ-ಅವ್ವನ ಕೈಲೇ ಅರ್ಜಿ ಬರೆಸ್ಕಂಡು ಟಿ.ಸಿ. ಕೊಟ್ರಾಯ್ತು.”

ಟಿ.ಸಿ. ಕೊಟ್ಟರೆ ಆ ಹುಡುಗಿಯ ಓದು ಮುಗಿದಂತೆಯೇ. ಅವಳ ತಾಯಿ ಹೂವಮ್ಮ ಕೂಲಿಗೆ ಹೋಗುವುದು ಶಾಲಾ ಸಮಿತಿ ಅಧ್ಯಕ್ಷರ ಗದ್ದೆಗೆ. ಅರ್ಜಿ ಕೊಡೆಂದರೆ ಕೊಡದೆ ವಿಧಿಯಿಲ್ಲ.

ಬರೆಸಬೇಕಾದ ವಾಕ್ಯವನ್ನೂ ಹೆಡ್‌ಮಾಸ್ಟರೇ ಬರೆದು ಕೊಟ್ಟರು. ಅಶ್ವಿನಿ ಓದಿ, ಮಡಚಿಕೊಂಡು ಹೊರಟಳು.

ತರಗತಿಯಲ್ಲಿ ಅವಳು ಗಂಗಾಶ್ರೀಯ ಪಕ್ಕ ಬಗ್ಗಿದಳು. “ಇವತ್ತು ನೆಟ್ಟಗೆ, ದುಂಡಗೆ ಬರಿ. ನಿನ್ನ ದಿನದ ಅಕ್ಷರ ಬ್ಯಾಡ.” ಹುಡುಗಿ ಮುಖ ನೋಡಿ, ತಲೆಯಾಡಿಸಿತು.

“ನಮ್ಮ ಶಾಲೆಯಲ್ಲಿ ಜಾತಿ, ಧರ್ಮದ ತಾರತಮ್ಯ ಇಲ್ಲ. ನಾವೆಲ್ಲ ಒಟ್ಟಿಗೆ ಕೂತು ಪೂಜೆ ಮಾಡುತ್ತೇವೆ.” ಹೇಳುತ್ತ ಹೇಳುತ್ತ ಅಶ್ವಿನಿಗೆ ತನ್ನ ದನಿಯೇ ಅಸಹ್ಯವಾಯಿತು. ಗಂಗಾಶ್ರೀ ನಾಲಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಕೂರಿಸಿದಳು.

ಗುರುಮಲ್ಲಪ್ಪನವರು ಚೀಟಿ ಮುಂದಿಟ್ಟುಕೊಂಡು ಎಲ್ಲ ಹಾಳೆ ತಿರುವಿದರು. ಯಾವುದೂ ತಾಳೆಯಾಗಲಿಲ್ಲ. “ಹಾಳಾಗ್ಲಿ,” ಎಂದು ಚೀಟಿ ಹರಿದು ಬುಟ್ಟಿಗೆ ಹಾಕಿದರು. ಆದರೆ ಒಂದು ಹಾಳೆ ಅವರ ಕೈಯಲ್ಲೇ ಉಳಿದಿತ್ತು.

“ಗಂಗಾಶ್ರೀ ಎಷ್ಟು ಮುದ್ದಾಗಿ ಬರ್ದೈತೆ ನೋಡ್ರಿ. ಅದೂ ಆ ಕೇರಿ ಹುಡುಗಿ. ಇದನ್ನೇ ವರದಿಗೆ ಲಗತ್ತಿಸ್ರಿ. ಇದಕ್ಕಿಂತ ಸಾಕ್ಷಿ ಬೇಕೇನ್ರಿ?”

ಅಶ್ವಿನಿ ಪಿನ್ನು ಚುಚ್ಚಿದಳು. ಲಕೋಟೆ ಸೊರಬದ ಶಿಕ್ಷಣಾಧಿಕಾರಿ ಕಚೇರಿಗೆ ಹೊರಟಿತು.

ಮೂರಕ್ಕೆ ಪೂಜೆಯ ಗಂಟೆ ಹೊಡೆಯಿತು. ಗಂಗಾಶ್ರೀ ಹೊಸಿಲ ಬಳಿ ಕಾಲು ಎತ್ತಿ, ತಡೆದು ನಿಂತಳು.

“ಟೀಚರ್, ಎಲ್ಲಾ ಒಟ್ಟಿಗೆ ಕೂರ್ತೀವಿ ಅಂತ ಬರ್ದೀವಲ್ಲ. ಇವತ್ತು ಒಳಗೆ ಬರ್ಲಾ?”

ಹೆಡ್‌ಮಾಸ್ಟರು ಆರತಿ ತಟ್ಟೆ ಹಿಡಿದು ಇತ್ತಲೇ ನೋಡುತ್ತಿದ್ದರು. ಅಶ್ವಿನಿ ಅಂಗಳದತ್ತ ಬೆರಳು ತೋರಿಸಿದಳು.